ಪಾರ್ಟು ತಪ್ಪಿದವನ ಜಿದ್ದು: ಮಂಡ್ಯ–ಮೈಸೂರು ಸೀಮೆಯಲ್ಲಿ ಪರದೆಯ ಹಿಂದೆ ನಡೆಯುವ ಲೆಕ್ಕ

ಮಂಡ್ಯದ ಕಡೆಯ ಪೌರಾಣಿಕ ನಾಟಕದ ಕರಪತ್ರ ಕೈಗೆ ಸಿಕ್ಕರೆ ನಾಟಕದ ಹೆಸರು ಹುಡುಕುತ್ತಾ ಕೂರಬೇಡಿ. ಬಹುಪಾಲು ಅದು ‘ಕುರುಕ್ಷೇತ್ರ’ವೇ. ಫೋಟೋಗಳ ಸಾಲನ್ನು ನೋಡಿ. ಯಾರ ಮುಖ ದೊಡ್ಡದಾಗಿ ಮೇಲಿದೆ, ಯಾರದು ಪಾಸ್‌ಪೋರ್ಟ್ ಅಳತೆಗೆ ಕುಗ್ಗಿ ಕೆಳಸಾಲಿಗೆ ಇಳಿದಿದೆ, ಯಾರ ಹೆಸರಿನ ಪಕ್ಕ ‘1ನೇ ದುರ್ಯೋಧನ’ ಎಂದಿದೆ, ಯಾರಿಗೆ ‘2ನೇ ದುರ್ಯೋಧನ’ ಎಂದು ಬಿದ್ದಿದೆ. ಆ ವರ್ಷ ಊರಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಅನ್ನೋದು ಅರ್ಧಕ್ಕರ್ಧ ಆ ಒಂದು ಹಾಳೆಯಲ್ಲೇ ಗೊತ್ತಾಗಿಬಿಡುತ್ತದೆ.

ನಾಟಕದವರಿಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನನಗೆ ಆ ವಿವರಣೆ ಸಾಲದು. ಹೊಟ್ಟೆಕಿಚ್ಚು ಕೋರ್ಟಿನ ಆವರಣದಲ್ಲೂ ಇದೆ, ಶಾಲೆಯ ಸ್ಟಾಫ್ ರೂಮಿನಲ್ಲೂ ಇದೆ. ರಂಗದ ಮೇಲೆ ಅದು ಇಷ್ಟು ಬೇಗ ದ್ರೋಹಕ್ಕೂ ಸೇಡಿಗೂ ತಿರುಗುವುದು ಪಾತ್ರ ಹಂಚುವ ಕ್ರಮದಿಂದ. ಇರುವ ಪಾತ್ರ ಒಂದು, ಕೇಳುವವರು ನಾಲ್ವರು. ಹಂಚುವವನು ಒಬ್ಬನೇ, ಅವನ ಜೊತೆಗಿನ ಕರಾರೆಲ್ಲ ಬಾಯಿಮಾತಿನದು. ಗೆದ್ದವನು, ಸೋತವನು ಇಬ್ಬರೂ ಮಾರನೆಯ ರಾತ್ರಿಯಿಂದಲೇ ಎದುರುಬದುರು ನಿಂತು ಒಬ್ಬರ ಮಾತಿಗೆ ಒಬ್ಬರು ಮಾತು ಕೊಡಬೇಕು. ಈ ಕೊನೆಯ ಅಂಶ ಬೇರೆ ಕಸುಬುಗಳಲ್ಲಿ ಇಷ್ಟು ಬಿಗಿಯಾಗಿ ಇರುವುದಿಲ್ಲ. ವ್ಯಾಪಾರದಲ್ಲಿ ಸೋತವನು ಎದುರಾಳಿಯ ಅಂಗಡಿ ಮುಂದೆ ಹಾಯದೆ ಬದುಕಬಹುದು. ಕರ್ಣನ ಪಾರ್ಟು ಸಿಗದೆ ಶಲ್ಯನ ಪಾರ್ಟಿಗೆ ಇಳಿದವನು ಕರ್ಣನ ರಥ ಹೊಡೆಯಲೇಬೇಕು.

ಹಳ್ಳಿಯ ಕ್ರಮ ಹೀಗೆ. ಸುಗ್ಗಿ ಮುಗಿದು, ಕಬ್ಬಿನ ದುಡ್ಡು ಕೈಸೇರುವ ಹೊತ್ತಿಗೆ ದೇವಸ್ಥಾನದ ಜಗುಲಿಯಲ್ಲೋ ಅರಳಿಕಟ್ಟೆಯಲ್ಲೋ ಮಾತು ಶುರುವಾಗುತ್ತದೆ. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡುತ್ತಾರೆ. ಇಲ್ಲಿ ಮೇಷ್ಟ್ರೆಂದರೆ ನಿರ್ದೇಶಕ, ಸಂಗೀತದ ಗುರು, ಪಂಚಾಯಿತಿ ಮಾಡುವವನು ಎಲ್ಲವೂ. ಮೈಕು, ಪರದೆ, ಕಿರೀಟ, ಗದೆ, ಲೈಟು, ಮೇಕಪ್ಪು, ಸ್ತ್ರೀ ಪಾತ್ರಧಾರಿಗಳ ಸಂಭಾವನೆ, ಊಟ ಹೀಗೆ ಖರ್ಚಿನ ಪಟ್ಟಿ ಬೆಳೆಯುತ್ತದೆ. ಈ ಖರ್ಚು ಹುಟ್ಟುವುದು ಟಿಕೆಟ್ಟಿನಿಂದಲ್ಲ. ಆಟ ನೋಡುವವರಿಗೆ ಪುಕ್ಕಟೆ. ಪಾರ್ಟು ಮಾಡುವವರೇ ದುಡ್ಡು ಹಾಕುತ್ತಾರೆ. ಕೃಷ್ಣ, ದುರ್ಯೋಧನ, ಕರ್ಣ, ಭೀಮ ಮೇಲಿನ ದರದ ಪಾರ್ಟುಗಳು. ಹತ್ತಾರು ಸಾವಿರ ರೂಪಾಯಿ ಆಗುತ್ತದೆ. ವಿದುರ, ದ್ರೋಣ, ನಕುಲ, ಸಹದೇವರ ದರ ಕಡಿಮೆ. ದರವನ್ನು ತೀರ್ಮಾನಿಸುವುದು ಪಾತ್ರದ ಘನತೆ ಅಂದುಕೊಂಡರೆ ತಪ್ಪು. ಎಷ್ಟು ಹಾಡಿದೆ, ಎಷ್ಟು ಕಂದಪದ್ಯ ಬರುತ್ತದೆ, ಪರದೆ ಎದ್ದಾಗ ಸಿಂಹಾಸನದ ಮೇಲೆ ಇರುತ್ತಾನೋ ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತಾನೋ ಅನ್ನೋದು. ಧರ್ಮರಾಯ ಹಿರಿಯಣ್ಣ, ನೀತಿವಂತ, ಎಲ್ಲ ಸರಿ. ಆದರೆ ಅವನ ಪಾರ್ಟಿಗೆ ಯಾರೂ ಹೊಡೆದಾಡಿದ್ದು ನಾನು ಕೇಳಿಲ್ಲ.

ಈ ನಾಟಕದ ಮೂಲ ಎಲ್ಲಿ ಅಂದರೆ ದಾರಿ ಕಂಪನಿ ನಾಟಕಗಳ ಕಾಲಕ್ಕೆ ಹೋಗುತ್ತದೆ. 1930ರ ದಶಕದಲ್ಲಿ ಗುಬ್ಬಿ ಕಂಪನಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ರಂಗಕ್ಕೆ ತಂದಿತು. ನಿಜವಾದ ಆನೆ, ಕುದುರೆಗಳು ರಂಗದ ಮೇಲೆ ಬಂದವು. ಆ ವೈಭವದ ನೆನಪು ಹಳ್ಳಿಗಿಳಿದು, ಮೇಷ್ಟ್ರುಗಳ ಕೈಯಲ್ಲಿ ಪದ್ಯ ಸೇರಿ, ಪ್ರಸಂಗ ಸೇರಿ, ರಾತ್ರಿಯಿಡೀ ಆಡುವ ಈಗಿನ ರೂಪಕ್ಕೆ ಬಂದಿದೆ. ಆನೆ ಹೋಯಿತು. ಕಿರೀಟ ಮಾತ್ರ ವರ್ಷ ವರ್ಷ ಎತ್ತರವಾಗುತ್ತಿದೆ.

ಕೇಳುವವರು ಹೆಚ್ಚಾದಾಗ ಮೇಷ್ಟ್ರು ಹುಡುಕಿಕೊಂಡ ಉಪಾಯವೇ ಪಾತ್ರವನ್ನು ಸೀಳುವುದು. ಒಂದು ದುರ್ಯೋಧನ ಇಬ್ಬರಾಗುತ್ತಾನೆ, ಕೃಷ್ಣ ಇಬ್ಬರಾಗುತ್ತಾನೆ. ಹಣ ಹುಟ್ಟುವುದಕ್ಕೂ ಒಳ್ಳೆಯದು, ಜಗಳ ತಪ್ಪುವುದಕ್ಕೂ ಒಳ್ಳೆಯದು ಎಂದು ಮೇಲುನೋಟಕ್ಕೆ ಕಾಣುತ್ತದೆ. ವಾಸ್ತವದಲ್ಲಿ ಜಗಳಕ್ಕೆ ಗಡಿ ಗುರುತು ಮಾಡಿಕೊಟ್ಟಂತೆ ಆಗುತ್ತದೆ. ದರ್ಬಾರು, ಕೃಷ್ಣಸಂಧಾನ ಮೊದಲನೆಯವನಿಗೆ; ಆ ಹೊತ್ತಿಗೆ ಜನ ಕಿಕ್ಕಿರಿದಿರುತ್ತಾರೆ, ಮಕ್ಕಳಿನ್ನೂ ನಿದ್ದೆ ಹೋಗಿರುವುದಿಲ್ಲ. ಎರಡನೆಯವನಿಗೆ ವೈಶಂಪಾಯನ ಸರೋವರ, ಗದಾಯುದ್ಧ. ಕಲೆಯ ಲೆಕ್ಕದಲ್ಲಿ ಅದೇ ಮೇಲು: ಸೋತು, ಒಬ್ಬಂಟಿಯಾಗಿ, ನೀರಿಂದ ಎದ್ದು ಬರುವ ರಾಜ. ಆದರೆ ಅವನು ಎದ್ದು ಬರುವ ಹೊತ್ತಿಗೆ ಕೋಳಿ ಕೂಗಿರುತ್ತದೆ. ಮುಂದಿನ ಸಾಲಿನಲ್ಲಿ ಅವನ ಹೆಂಡತಿ, ಅತ್ತೆ, ತವರಿನವರು. ಹಿಂದೆ ಖಾಲಿ ಕುರ್ಚಿ, ಜಮಖಾನದ ಮೇಲೆ ಮಲಗಿದವರು. ಅಷ್ಟೇ ದುಡ್ಡು ಕೊಟ್ಟಿದ್ದಾನೆ, ಪಾಪ.

ಇಷ್ಟು ಕೊಟ್ಟು ಯಾಕೆ ಮಾಡುತ್ತಾರೆ ಅನ್ನುವ ಪ್ರಶ್ನೆ ಮೈಸೂರಿನ ಹವ್ಯಾಸಿ ರಂಗದವರು ಆಗಾಗ ಕೇಳುತ್ತಾರೆ, ಸ್ವಲ್ಪ ನಗುತ್ತಲೇ. ಉತ್ತರ ಕಷ್ಟವಿಲ್ಲ. ಒಂದು ರಾತ್ರಿ ಚೆನ್ನಾಗಿ ಹಾಡಿದವನಿಗೆ ಆಮೇಲೆ ಸಾಯುವವರೆಗೂ ‘ಕರ್ಣ’ನ ಹೆಸರು ಅಂಟಿಕೊಳ್ಳುತ್ತದೆ. ಸಂತೆಯಲ್ಲಿ, ಬೀಗರ ಊರಲ್ಲಿ, ಹಾಲಿನ ಡೇರಿ ಮುಂದೆ ಗುರುತು ಸಿಗುತ್ತದೆ. ಪಂಚಾಯಿತಿ ಚುನಾವಣೆಗೆ ನಿಲ್ಲುವ ಆಸೆ ಇದ್ದವನಿಗೆ ಇದಕ್ಕಿಂತ ಒಳ್ಳೆಯ ಮುನ್ನುಡಿ ಬೇರೆ ಇಲ್ಲ. ಜೊತೆಗೆ, ಇದನ್ನು ಲಘುವಾಗಿ ನೋಡಬಾರದು, ಕೆಲವರಿಗೆ ನಿಜವಾಗಿಯೂ ಹಾಡಬೇಕು. ಹಗಲೆಲ್ಲ ಗದ್ದೆಯಲ್ಲಿ ಇದ್ದು, ರಾತ್ರಿ ತಿಂಗಳುಗಟ್ಟಲೆ ಶಾಲೆಯ ಪಡಸಾಲೆಯಲ್ಲಿ ಕೂತು ಶ್ರುತಿ ಹಿಡಿಯುವುದು ಬರೀ ಷೋಕಿಯಿಂದ ಆಗುವ ಕೆಲಸವಲ್ಲ. ಮಹತ್ವಾಕಾಂಕ್ಷೆ ಎಂದು ನಾವು ದೊಡ್ಡದಾಗಿ ಕರೆಯುವುದರಲ್ಲಿ ಇವೆರಡೂ ಬೆರೆತಿರುತ್ತವೆ, ಬೇರ್ಪಡಿಸಲು ಅವರಿಗೂ ಬರುವುದಿಲ್ಲ.

ದ್ರೋಹ ಹುಟ್ಟುವುದು ಕಲಿಕೆಯ ಈ ತಿಂಗಳುಗಳಲ್ಲಿ. ಒಬ್ಬ ಬಡವನ ಮಗ, ಕಂಠ ಒಳ್ಳೆಯದು, ಮೇಷ್ಟ್ರು ಅವನಿಗೆ ಕೃಷ್ಣನ ಮಟ್ಟುಗಳನ್ನೆಲ್ಲ ಹೇಳಿಕೊಟ್ಟಿದ್ದಾರೆ. ಅವನಿಗೆ ಪೂರ್ತಿ ದುಡ್ಡು ಒಟ್ಟು ಮಾಡಲು ಆಗಿಲ್ಲ, ಅರ್ಧ ಕೊಟ್ಟಿದ್ದಾನೆ. ಆಟಕ್ಕೆ ಎರಡು ಮೂರು ವಾರ ಇರುವಾಗ ಬೆಂಗಳೂರಲ್ಲಿ ಕೆಲಸದಲ್ಲಿರುವ ಊರಿನವನೊಬ್ಬ ಬಂದು ಪೂರ್ತಿ ಹಣ ಎಣಿಸುತ್ತಾನೆ. ಪಾರ್ಟು ‘ಎತ್ತಿ’ ಅವನಿಗೆ ಕೊಟ್ಟಾಯಿತು. ಹುಡುಗನಿಗೆ ಸಾತ್ಯಕಿ. ಯಾರು ದ್ರೋಹ ಮಾಡಿದರು? ದುಡ್ಡು ಕೊಟ್ಟವನಿಗೆ ಹಿಂದಿನ ಕಥೆ ಗೊತ್ತಿಲ್ಲದೆಯೂ ಇರಬಹುದು. ಮೇಷ್ಟ್ರಿಗೆ ಪರದೆ ಕಟ್ಟುವ ಸೀನರಿಯವನ ಬಾಕಿ ಇದೆ. ಊರಿನ ಮುಖಂಡರಿಗೆ ಆಟ ನಡೆದರೆ ಸಾಕು. ಎಲ್ಲರ ಬಳಿಯೂ ಒಪ್ಪುವ ಕಾರಣವಿದೆ. ಮಾತು ತಪ್ಪಿದ್ದು ಮಾತ್ರ ನಿಜ. ಕಾಗದದ ಮೇಲೆ ಏನೂ ಇಲ್ಲದ್ದರಿಂದ ಹುಡುಗ ಯಾರನ್ನೂ ಹಿಡಿದು ಕೇಳುವಂತಿಲ್ಲ. ಕೇಳಲಾಗದ ಅನ್ಯಾಯ ಒಳಗೇ ಉಳಿಯುತ್ತದೆ. ಅವನಲ್ಲಿ ಈಗ ಉಳಿದಿರುವ ಆಸ್ತಿ ಒಂದೇ. ಕೃಷ್ಣನ ಪದ್ಯವೆಲ್ಲ ಅವನಿಗೆ ಬಾಯಿಪಾಠ, ಹೊಸ ಕೃಷ್ಣನಿಗೆ ಇನ್ನೂ ಬರುವುದಿಲ್ಲ.

ದ್ರೋಹದ ಇನ್ನೊಂದು ಜಾತಿ ಇದಕ್ಕೆ ತಿರುವುಮುರುವು. ಪಾರ್ಟು ಕಲಿತವನು ಕಡೇ ಗಳಿಗೆಯಲ್ಲಿ ಪಕ್ಕದೂರಿನ ತಂಡಕ್ಕೆ ಹಾರುವುದು. ಒಂದೇ ನಾಟಕವನ್ನು ಎಲ್ಲ ಊರಲ್ಲೂ ಆಡುವುದರಿಂದ ಕಲಿತ ಪಾರ್ಟು ಎಲ್ಲೆಲ್ಲೂ ಚಲಾವಣೆಯಾಗುವ ನಾಣ್ಯ.

ಇನ್ನು ಸೇಡು. ಹೊರಗಿನವರು ಭಯಪಡುವುದು ಗದಾಯುದ್ಧದಲ್ಲಿ. ಭೀಮನಿಗೂ ದುರ್ಯೋಧನನಿಗೂ ನಿಜವಾದ ವೈಷಮ್ಯ ಇದ್ದರೆ ಎಲ್ಲಿ ತೊಡೆ ಮುರಿದುಬಿಡುತ್ತಾನೋ ಎಂದು. ಆ ಗದೆ ಒಳಗೆ ಟೊಳ್ಳು. ಬಿದ್ದರೂ ಸದ್ದೇ ಹೆಚ್ಚು. ಅನುಭವಸ್ಥರು ಸೇಡು ತೀರಿಸಿಕೊಳ್ಳುವ ಜಾಗ ಬೇರೆ, ಆಯುಧವೂ ಬೇರೆ.

ಮೊದಲನೆಯದು, ಮಾತು ಕೊಡದಿರುವುದು. ಸಂಧಾನದ ದೃಶ್ಯವನ್ನೇ ತೆಗೆದುಕೊಳ್ಳಿ. ಕೃಷ್ಣ ಐದು ಗ್ರಾಮ ಕೇಳುತ್ತಾನೆ. ದುರ್ಯೋಧನ ಮಾತು ಬೆಳೆಸಿ, ಕಡೆಗೆ ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆಂದು ಮುಗಿಸಬೇಕು. ಆ ಕೊನೆಯ ಮಾತು ಬಿದ್ದ ಕೂಡಲೇ ಹಾರ್ಮೋನಿಯಂ ಏಳುತ್ತದೆ, ಕೃಷ್ಣ ಸಿಟ್ಟಿನ ಪದ್ಯ ಎತ್ತಿಕೊಳ್ಳುತ್ತಾನೆ. ಈಗ ದುರ್ಯೋಧನನಿಗೆ ಕೃಷ್ಣನ ಮೇಲೆ ಹಗೆಯಿದ್ದರೆ ಅವನು ಮಾಡಬೇಕಾದ್ದು ಇಷ್ಟೇ. ಕೊನೆಯ ಮಾತನ್ನು ನುಂಗಿ, ಮೀಸೆ ತಿರುವಿ, ಸಿಂಹಾಸನಕ್ಕೆ ಒರಗುವುದು. ಮೇಷ್ಟ್ರ ಬೆರಳು ಪಟ್ಟಿಯ ಮೇಲೆ ಕಾಯುತ್ತದೆ. ತಬಲದವನು ಮುಖ ಎತ್ತುತ್ತಾನೆ. ಕೃಷ್ಣ ಕೊಳಲು ಹಿಡಿದು ನಿಂತಿದ್ದಾನೆ, ಹಾಡಬೇಕೋ ಬೇಡವೋ ತಿಳಿಯದು. ನಾಲ್ಕೈದು ಉಸಿರಿನಷ್ಟು ಮೌನ. ಅಷ್ಟರಲ್ಲಿ ಜನರ ತೀರ್ಪು ಆಗಿಹೋಗಿರುತ್ತದೆ: ಕೃಷ್ಣನಿಗೆ ಪಾರ್ಟು ಬರಲ್ಲ. ದುರ್ಯೋಧನನನ್ನು ಯಾರೂ ಅನುಮಾನಿಸುವುದಿಲ್ಲ, ಅವನು ಆ ಮೌನದಲ್ಲೂ ರಾಜನ ಹಾಗೇ ಕಾಣುತ್ತಾನೆ. ನಡೆದದ್ದೇನೆಂದು ಗೊತ್ತಿರುವವನು ಸೈಡ್ ವಿಂಗಿನಲ್ಲಿ ಪುಸ್ತಕ ಹಿಡಿದು ಮಾತು ಎತ್ತಿಕೊಡುವವನು ಮಾತ್ರ. ಅವನೂ ಯಾರದೋ ಕಡೆಯವನೇ ಆಗಿರುತ್ತಾನೆ. ಸಾತ್ಯಕಿಯಾಗಿ ಇಳಿದ ನಮ್ಮ ಹುಡುಗನಿಗಂತೂ ಇಷ್ಟೂ ಬೇಡ. ಹೊಸ ಕೃಷ್ಣ ತಡವರಿಸಿದಾಗ ಪಕ್ಕದಲ್ಲೇ ನಿಂತು ಸುಮ್ಮನಿದ್ದರೆ ಮುಗಿಯಿತು. ಇದನ್ನು ಸೇಡು ಎಂದು ಯಾವ ನ್ಯಾಯಾಲಯವೂ ಹೇಳಲಾರದು.

ಎರಡನೆಯದು, ಹೊತ್ತು ತಿನ್ನುವುದು. ರಾತ್ರಿ ಒಂದೇ, ಅದನ್ನು ಎಲ್ಲರೂ ಹಂಚಿಕೊಳ್ಳಬೇಕು. ಉದ್ಘಾಟನೆಯ ಭಾಷಣ, ಸನ್ಮಾನ ಅಂತ ಮೊದಲೇ ಒಂದಷ್ಟು ಹೋಗಿರುತ್ತದೆ. ಮುಂದಿನ ಸಾಲಿನಲ್ಲಿ ಕೂತ ನೆಂಟರು ‘ಒನ್ಸ್ ಮೋರ್’ ಎಂದು ಕೂಗುತ್ತಾರೆ, ಪದ್ಯ ಮತ್ತೆ ಮೊದಲಿಂದ. ಯಾರೋ ಹಾರ ತರುತ್ತಾರೆ. ನಾಟಕ ನಿಲ್ಲುತ್ತದೆ. ಕರ್ಣ ಕುಂತಿಯ ಮುಂದೆ ಕಣ್ಣೀರು ಹಾಕುತ್ತಿದ್ದವನು ಸೀದಾ ನಿಂತು ಕೊರಳೊಡ್ಡುತ್ತಾನೆ, ನೋಟಿನ ಹಾರ ಬೀಳುತ್ತದೆ, ಮೈಕಿನಲ್ಲಿ ಮುಯ್ಯಿ ಮಾಡಿದವರ ಹೆಸರು ಕೂಗುತ್ತಾರೆ, ಕರ್ಣ ಮತ್ತೆ ಅಳುತ್ತಾನೆ. ಇದು ಪ್ರೀತಿಯಿಂದ ನಡೆಯುವುದೇ ಹೆಚ್ಚು. ಆದರೆ ನಂತರದ ದೃಶ್ಯದವನ ಮೇಲೆ ಮುಯ್ಯಿ ತೀರಿಸಿಕೊಳ್ಳಬೇಕಾದಾಗಲೂ ಇದೇ ದಾರಿ. ನಾಲ್ಕು ಜನರಿಗೆ ಹೇಳಿ ಒನ್ಸ್ ಮೋರ್ ಕೂಗಿಸಿದರೆ, ಆಲಾಪವನ್ನು ಇನ್ನೊಂದು ಸುತ್ತು ಎಳೆದರೆ, ಗದಾಯುದ್ಧದವನ ಪದ್ಯಗಳು ಒಂದೊಂದಾಗಿ ಉದುರುತ್ತವೆ. ಬೆಳಕು ಹರಿಯುತ್ತಿದೆ, ಬೇಗ ಮುಗಿಸಿ ಎಂದು ಸೀನರಿಯವನೇ ಪರದೆಯ ಹಗ್ಗ ಹಿಡಿದು ನಿಲ್ಲುತ್ತಾನೆ. ಕೊಟ್ಟ ದುಡ್ಡಿನಲ್ಲಿ ಅರ್ಧ ಪಾರ್ಟು ಕತ್ತಲಲ್ಲೇ ಉಳಿಯಿತು.

ಮೂರನೆಯದು ಮೇಷ್ಟ್ರ ಕೈಯಲ್ಲಿರುವುದು, ಎಲ್ಲಕ್ಕಿಂತ ಕ್ರೂರವಾದದ್ದು. ಹಾರ್ಮೋನಿಯಂನಲ್ಲಿ ಕಲಿಸಿದ ಶ್ರುತಿಗಿಂತ ಒಂದು ಮನೆ (ಕೀಲಿ) ಮೇಲೆ ಹಿಡಿದರೆ ಸಾಕು. ಪಲ್ಲವಿ ಹೇಗೋ ದಾಟುತ್ತದೆ, ಮೇಲಿನ ಸ್ಥಾಯಿಗೆ ಹೋದಾಗ ಗಂಟಲು ಒಡೆಯುತ್ತದೆ. ಬಾಕಿ ಕೊಡದವನಿಗೆ ಹೀಗೆ ಮಾಡುತ್ತಾರೆಂದು ಹಳಬರು ಹೇಳುವುದುಂಟು. ಸಾಬೀತು ಮಾಡಲು ಬರುವುದಿಲ್ಲ, ಚಳಿಗೆ ಗಂಟಲು ಕಟ್ಟಿತ್ತು ಅಂದರೆ ಅದೂ ನಿಜವೇ.

ಈ ಎಲ್ಲದರ ನಡುವೆ ದುಡ್ಡು ಕೊಡದೆ, ದುಡ್ಡು ಪಡೆದು ನಿಲ್ಲುವವರು ಸ್ತ್ರೀ ಪಾತ್ರಧಾರಿಗಳು. ದ್ರೌಪದಿ, ಕುಂತಿ, ಉತ್ತರೆ ಮಾಡಲು ಹೊರಗಿನಿಂದ ಬರುವ ವೃತ್ತಿಯ ಕಲಾವಿದೆಯರು. ರಿಹರ್ಸಲ್ಲಿಗೆ ಕೊನೆಯಲ್ಲಿ ಒಂದೆರಡು ದಿನ ಬಂದರೆ ಹೆಚ್ಚು. ಎಷ್ಟೋ ಊರುಗಳ ಎಷ್ಟೋ ಕರ್ಣರಿಗೆ ತಾಯಿಯಾಗಿರುವ ಕುಂತಿಗೆ ಯಾವ ಮಾತು ಎಲ್ಲಿ ತಪ್ಪುತ್ತದೆ ಎಂಬುದು ಕಣ್ಣು ಮುಚ್ಚಿದರೂ ಗೊತ್ತು. ಪಾರ್ಟು ಮರೆತ ಕರ್ಣನಿಗೆ ‘ಏನು ಕಂದಾ, ಇದನ್ನೇ ಹೇಳಬೇಕೆಂದಿದ್ದೆಯಾ’ ಎಂದು ಅವನ ಮಾತನ್ನು ತನ್ನ ಬಾಯಿಂದ ಎತ್ತಿಕೊಟ್ಟು ಉಳಿಸುವವಳು ಆಕೆ. ಗಂಡಸರ ಜಿದ್ದಿನಲ್ಲಿ ಆಕೆಗೆ ಪಾಲಿಲ್ಲ, ಏಕೆಂದರೆ ಅವಳ ಪಾತ್ರ ಈ ಊರಿನ ಕೈಯಲ್ಲಿಲ್ಲ. ನಾಳೆ ರಾತ್ರಿ ಇನ್ನೊಂದು ಊರು. ಮೇಲೆ ಹೇಳಿದ ಪಾತ್ರ ಹಂಚುವ ಕ್ರಮದ ಮಾತಿಗೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಕಾಣದು. ಆಕೆಗೆ ಆಗುವ ಮೋಸ ಬೇರೆ ಥರದ್ದು: ಒಪ್ಪಿದ ಸಂಭಾವನೆಯನ್ನು ಬೆಳಗ್ಗೆ ಬಸ್ಸಿನ ಹೊತ್ತಿಗೆ ಕಡಿಮೆ ಮಾಡುವುದು. ಅದಕ್ಕೇ ಅನುಭವಸ್ಥೆಯರು ಬಣ್ಣ ಹಚ್ಚುವ ಮುಂಚೆಯೇ ಲೆಕ್ಕ ಚುಕ್ತಾ ಮಾಡಿಸಿಕೊಳ್ಳುತ್ತಾರೆ. ಅದನ್ನು ದುರಹಂಕಾರ ಅನ್ನುವವರು ಇದ್ದಾರೆ, ಅನ್ನಲಿ.

ಮೈಸೂರು ನಗರದ ಹಳೆಯ ರಂಗಭೂಮಿಯಲ್ಲಿ ಜಿದ್ದಿನ ಆಕಾರವೇ ಬೇರೆ ಇತ್ತು. 1880ರ ದಶಕದ ಆರಂಭದಲ್ಲಿ ಹತ್ತನೇ ಚಾಮರಾಜ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಕಂಪನಿ ಹುಟ್ಟಿತು. ಪಾತ್ರ ಸಿಗಬೇಕಾದರೆ ಅರಮನೆಯ ಒಲವು ಬೇಕು. ಸ್ಪರ್ಧೆ ಪ್ರಭುವಿನ ಕಣ್ಣಿಗೆ ಬೀಳುವುದಕ್ಕೆ. ಬಸವಪ್ಪಶಾಸ್ತ್ರಿಗಳು ಷೇಕ್ಸ್‌ಪಿಯರನ ‘ಒಥೆಲೊ’ವನ್ನು ‘ಶೂರಸೇನ ಚರಿತ್ರೆ’ಯಾಗಿ ಕನ್ನಡಿಸಿದ್ದು ಆ ಕಾಲದಲ್ಲೇ. ಆ ನಾಟಕದ ದ್ರೋಹ ಎಲ್ಲಿಂದ ಶುರುವಾಗುತ್ತದೆ ನೋಡಿ. ತನಗೆ ಬರಬೇಕಾಗಿದ್ದ ಹುದ್ದೆಯನ್ನು ಒಡೆಯ ಇನ್ನೊಬ್ಬನಿಗೆ ಕೊಟ್ಟ ಎಂದು ಖಳ ಕುದಿಯುವಲ್ಲಿಂದ. ಪಾತ್ರ ಕೈತಪ್ಪಿದ ನಟನಿಗೆ ಆ ಖಳನ ಮೊದಲ ಮಾತುಗಳು ಅರ್ಥವಾದಷ್ಟು ಸಲೀಸಾಗಿ ಪಂಡಿತರಿಗೆ ಅರ್ಥವಾಗಿರಲಾರವು. ಎಂ.ಎಲ್. ಶ್ರೀಕಂಠೇಶಗೌಡರು ‘ಮ್ಯಾಕ್‌ಬೆತ್’ನಿಂದ ‘ಪ್ರತಾಪರುದ್ರದೇವ’ ಮಾಡಿದರು. ಮಹತ್ವಾಕಾಂಕ್ಷೆಯ ಕಥೆ ಮೈಸೂರಿಗೆ ಹಾಗೆ ಕನ್ನಡ ಬಟ್ಟೆಯುಟ್ಟು ಬಂತು.

ಆಮೇಲಿನದು ಮಾಲೀಕ-ನಟರ ಕಾಲ. ರತ್ನಾವಳಿ ಕಂಪನಿಯ ಎ.ವಿ. ವರದಾಚಾರ್ಯರ (1869–1926) ಹಾಗೆ ಕಂಪನಿಯ ಒಡೆಯನೇ ಮುಖ್ಯ ನಟ. ಹಾಗಿರುವಾಗ ನಾಯಕನ ಪಾತ್ರ ಖಾಲಿಯಾಗುವ ಮಾತೇ ಇಲ್ಲ. ಎಷ್ಟೇ ಪ್ರತಿಭೆ ಇರಲಿ, ಎರಡನೆಯ ಪಾತ್ರವೇ ನಿನ್ನ ಎತ್ತರ. ಮೇಲೇರಬೇಕಾದರೆ ಹೊರಗೆ ಹೋಗಬೇಕು; ಹೋಗುವಾಗ ಜೊತೆಗೆ ನಾಲ್ಕು ಜನರನ್ನು, ಬಾಯಲ್ಲಿರುವ ನಾಟಕವನ್ನು ಕೊಂಡೊಯ್ಯಬೇಕು. ಮಾಲೀಕನಿಗೆ ಅದು ದ್ರೋಹ, ಅದರಲ್ಲೂ ಮುಂಗಡ ಕೊಟ್ಟಿದ್ದರೆ. ಹೋದವನಿಗೆ ಅದು ಬದುಕು. ಕಂಪನಿಗಳು ಒಡೆದು ಕಂಪನಿಗಳಾದ ಚರಿತ್ರೆಯನ್ನು ಈ ಒಂದೇ ಬಾಗಿಲಿನಿಂದ ಓದಿದರೆ ಬಹಳಷ್ಟು ಬಿಡಿಸಿಕೊಳ್ಳುತ್ತದೆ. ಎಂ.ವಿ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರಂಥವರು 1934ರಲ್ಲಿ ‘ಸತಿ ಸುಲೋಚನ’ದ ಮೂಲಕ ಸಿನಿಮಾಕ್ಕೆ ಕಾಲಿಟ್ಟ ಮೇಲೆ ಹೊರಬಾಗಿಲು ಇನ್ನೂ ಅಗಲವಾಯಿತು. ಮುನಿಸಿಕೊಂಡ ನಟ ಎದುರು ಕಂಪನಿಗೇ ಹೋಗಬೇಕೆಂದಿಲ್ಲ, ಮದರಾಸಿನ ರೈಲು ಹತ್ತಬಹುದು.

1989ರಲ್ಲಿ ಬಿ.ವಿ. ಕಾರಂತರು ಮೈಸೂರಿನಲ್ಲಿ ಕಟ್ಟಿದ ನಾಟಕ ಸಂಸ್ಥೆ ರಂಗಾಯಣ ಇನ್ನೊಂದು ಮಾದರಿ. ಸಂಬಳದ ನಟರು. ದೊಡ್ಡ ಪಾತ್ರ ಮಾಡಿದರೂ, ಈಟಿ ಹಿಡಿದು ಮೂಲೆಯಲ್ಲಿ ನಿಂತರೂ ತಿಂಗಳ ಕೊನೆಗೆ ಮನೆಗೆ ಹೋಗುವ ಹಣ ಒಂದೇ. ಹೊಟ್ಟೆಪಾಡಿನ ಹೆದರಿಕೆ ಹೀಗೆ ಪಾತ್ರದಿಂದ ಬಿಡಿಸಿಕೊಂಡರೆ ಜಿದ್ದಿನ ವಿಷ ಸಾಕಷ್ಟು ಇಳಿಯುತ್ತದೆ. ಪೂರ್ತಿ ಇಳಿಯುವುದಿಲ್ಲ, ಚಪ್ಪಾಳೆಗೆ ಸಂಬಳ ಶ್ರೇಣಿ ಇಲ್ಲವಲ್ಲ.

ಮತ್ತೆ ಹಳ್ಳಿಗೆ ಬಂದರೆ, ಜನರಿಗೆ ಇದೆಲ್ಲ ಅರ್ಥವಾಗದೇ ಇಲ್ಲ. ಅವರು ವರ್ಷ ವರ್ಷ ನೋಡುವ ಕಥೆಯೇ ಇದರ ಬಗ್ಗೆ. ಶಕುನಿಯನ್ನು ನೋಡಿ. ಕೌರವರ ಸೆರೆಯಲ್ಲಿ ಅನ್ನವಿಲ್ಲದೆ ಸತ್ತ ತಂದೆಯ ಮೂಳೆಯಿಂದ ದಾಳ ಮಾಡಿಕೊಂಡು, ಅವರ ಮನೆಯಲ್ಲೇ ಮಾವನಾಗಿ ಇದ್ದು ವಂಶ ಮುಗಿಸಿದ ಎಂಬ ಕಥೆ ವ್ಯಾಸಭಾರತದಲ್ಲಿಲ್ಲ. ಜನ ಕಟ್ಟಿಕೊಂಡದ್ದು. ಹೊರಗಿನ ಶತ್ರುವಿಗಿಂತ ಒಳಗೆ ಕೂತು ಕಾಯುವವನ ಸೇಡು ಅವರಿಗೆ ಹೆಚ್ಚು ನಂಬಿಕೆಯಾಗುತ್ತದೆ. ಶಲ್ಯ ಇನ್ನೂ ಸೂಕ್ಷ್ಮ. ಕರ್ಣನ ಸಾರಥಿಯಾಗಿ ಕೂತು, ಕುದುರೆಯನ್ನು ಸರಿಯಾಗಿಯೇ ಓಡಿಸುತ್ತಾ, ಮಾತಿನಲ್ಲಿ ಮಾತ್ರ ಅವನ ಧೈರ್ಯ ಕುಗ್ಗಿಸುತ್ತಾ ಹೋಗುವವನು; ಹಾಗೆ ಮಾಡೆಂದು ಕೇಳಿಕೊಂಡವನು ಧರ್ಮರಾಯ. ಕೆಲಸ ಬಿಡದೆ, ಕೆಲಸ ಕೆಡಿಸದೆ, ಜೊತೆಗಾರನನ್ನು ಸೋಲಿಸುವ ವಿದ್ಯೆ. ಎದುರು ಮಾತು ನುಂಗಿದ ದುರ್ಯೋಧನ ಕಲಿತದ್ದು ಇಲ್ಲಿಂದಲೇ ಇರಬೇಕು.

ಇಷ್ಟಾದರೂ ತಂಡಗಳು ಯಾಕೆ ಪೂರ್ತಿ ಒಡೆದು ಹೋಗುವುದಿಲ್ಲ? ಒಂದು ಊರಲ್ಲಿ ಶ್ರುತಿಗೆ ನಿಂತು ಹಾಡಬಲ್ಲವರು ಐದಾರು ಜನ ಸಿಕ್ಕರೆ ಪುಣ್ಯ. ಆ ಐದಾರರಲ್ಲಿ ಒಬ್ಬನ ಮೇಲೆ ಶಾಶ್ವತವಾಗಿ ಹಗೆ ಸಾಧಿಸಿದರೆ ಮುಂದಿನ ಆಟಕ್ಕೆ ನಿನ್ನೆದುರು ನಿಲ್ಲುವವನೇ ಇಲ್ಲ. ಒಳ್ಳೆಯ ದುರ್ಯೋಧನನಿಗೆ ಒಳ್ಳೆಯ ಕೃಷ್ಣ ಬೇಕು. ತಡವರಿಸುವ ಕೃಷ್ಣನ ಮುಂದೆ ಅವನ ಅಬ್ಬರವೂ ನಗೆಪಾಟಲು. ಹಾಗಾಗಿ ಸೇಡಿಗೆ ಒಂದು ಮಿತಿ ತಾನಾಗಿಯೇ ಬೀಳುತ್ತದೆ. ಬುದ್ಧಿವಂತ ಮೇಷ್ಟ್ರುಗಳು ಅದನ್ನೇ ಹಿಡಿದುಕೊಂಡು ಕೆಲವು ಕಟ್ಟುಪಾಡು ಮಾಡಿದ್ದಾರೆ. ಪೂರ್ತಿ ಹಣ ಬರುವವರೆಗೆ ಯಾರಿಗೂ ಮಟ್ಟು ಹೇಳಿಕೊಡದಿರುವುದು. ಒಂದೇ ಪಾರ್ಟಿಗೆ ಇಬ್ಬರು ಹಟ ಹಿಡಿದರೆ ದೇವರ ಮುಂದೆ ಚೀಟಿ ಎತ್ತಿಸುವುದು. ಹಾರ, ಸನ್ಮಾನ ಎಲ್ಲವನ್ನೂ ದೃಶ್ಯದ ನಡುವೆ ಬಿಡದೆ ಪರದೆ ಬಿದ್ದ ಮೇಲೆ ಇಟ್ಟುಕೊಳ್ಳುವುದು. ಮೂರನೆಯದನ್ನು ಸಭೆಯಲ್ಲಿ ಎಲ್ಲರೂ ಒಪ್ಪುತ್ತಾರೆ, ಆಟದ ರಾತ್ರಿ ಯಾರೂ ಪಾಲಿಸುವುದಿಲ್ಲ.

ರಾಜಿಯಾಗುವುದು ಸಾಮಾನ್ಯವಾಗಿ ಮುಂದಿನ ಸುಗ್ಗಿಗೆ. ಮೇಷ್ಟ್ರೇ ಇಬ್ಬರ ಮನೆಗೂ ಹೋಗಿ ಕಾಫಿ ಕುಡಿದು ಬರುತ್ತಾರೆ, ಅವರಿಗೂ ಸೀಸನ್ ಕಟ್ಟಬೇಕಲ್ಲ. ಕ್ಷಮೆಯ ಮಾತು ಬರುವುದಿಲ್ಲ, ಹಳೆಯದನ್ನು ಯಾರೂ ಎತ್ತುವುದಿಲ್ಲ. ಈ ಸಲ ದರ್ಬಾರು ನಿನಗೆ ಬಿಡ್ತೀನಿ, ಗದಾಯುದ್ಧ ನನಗಿರಲಿ. ಆದರೆ ರಾತ್ರಿ ಮೂರು ಗಂಟೆಯ ಒಳಗೆ ನನ್ನ ಪರದೆ ಏಳಬೇಕು, ಕರಪತ್ರದಲ್ಲಿ ಫೋಟೋ ಒಂದೇ ಅಳತೆ ಇರಬೇಕು. ಇಷ್ಟಕ್ಕೆ ಒಪ್ಪಿದರೆ ಅಡ್ವಾನ್ಸು ಕೊಟ್ಟು ಎಲೆ ಅಡಿಕೆ ಇಸಿದುಕೊಳ್ಳುತ್ತಾರೆ.